ಕಪಾಟಿನಲ್ಲಿ ಮಾಲ್ಗುಡಿ

ಜೂನ್ ತಿಂಗಳು ಹಿಡಿಯಿತೆಂದರೆ ನಮ್ಮ ಮನೆಯ ಗೋಡೆ ಕಪಾಟಿನೊಳಗೆ ಒಂದು ಝೀರೋ ಬಲ್ಬು ಹೊತ್ತಿಕೊಳ್ಳುತ್ತದೆ. ಅದು ಆರುವುದು ನವರಾತ್ರಿ ಕಳೆದ ಮೇಲೆ. ದೇವರ ಕೋಣೆಯಲ್ಲದ ಕಡೆ ಹಗಲೂ ರಾತ್ರಿ ದೀಪ ಉರಿಯುವುದನ್ನು ಕಂಡು ಮೊದಲ ಸಲ ಬಂದವರು ಒಳಗೆ ಯಾವ ದೇವರೆಂದು ಕೇಳುವುದುಂಟು. ಒಳಗಿರುವುದು ಮೂವತ್ತೊಂದು ವಿಡಿಯೋ ಕ್ಯಾಸೆಟ್ಟು, ಎರಡು ಶೂ ಪೆಟ್ಟಿಗೆಯ ತುಂಬ ವಿಸಿಡಿ, ಒಂದು ಸಾಲು ಡಿವಿಡಿ. ಪಡುಬಿದ್ರಿಯಂಥ ಕಡಲ ಬದಿಯ ಊರಿನಲ್ಲಿ ಮಳೆಗಾಲ ಬಂದರೆ ಚಪ್ಪಲಿಗೂ ಬೂಷ್ಟು, ಚರ್ಮದ ಬೆಲ್ಟಿಗೂ ಬೂಷ್ಟು. ಕ್ಯಾಸೆಟ್ಟಿನ ಸುರುಳಿಯ ಅಂಚಿಗೆ ಬಿಳಿ ಹುಡಿಯ ಹಾಗೆ ಅದು ಕೂತಿತೆಂದರೆ ಕತೆ ಮುಗಿಯಿತು. ಹಾಗೇ ಹಾಕಿದರೆ ಯಂತ್ರದ ಹೆಡ್ಡೂ ಕೊಳೆ, ಆಮೇಲೆ ಹಾಕುವ ಕ್ಯಾಸೆಟ್ಟೂ ಕೊಳೆ. ಬಲ್ಬಿನ ಬೆಚ್ಚಗೆ ಅದಕ್ಕೆ ನಾನು ಮಾಡುವ ಬಡ ಉಪಾಯ.

ನಮ್ಮ ಶಾಲೆಯ ಕಿರಿಯ ಟೀಚರ್ ಒಬ್ಬಳು ಕಳೆದ ವರ್ಷ ಬಂದವಳು ನೋಡಿ ನಕ್ಕಳು. “ಎಂತ ಟೀಚರ್, ಇದೆಲ್ಲ ಮೊಬೈಲಲ್ಲೇ ಉಂಟಲ್ಲ. ಗುಜರಿಯವನಿಗೆ ಕೊಟ್ಟರೆ ಜಾಗವಾದರೂ ಆಗ್ತದೆ.” ಅವಳ ಮಾತಿನಲ್ಲಿ ತಪ್ಪೇನೂ ಇಲ್ಲ. ಆ ದಿನ ಚಾ ಕೊಟ್ಟು ಕಳಿಸಿದೆ, ಉತ್ತರ ಕೊಡಲಾಗಲಿಲ್ಲ. ಈಗ ಕೊಡಲು ಕೂತಿದ್ದೇನೆ. ಆದರೆ ಉತ್ತರ ಕೊಡುವ ಮೊದಲು, ಈ ಕಪಾಟಿನಲ್ಲಿರುವುದರಲ್ಲಿ ಯಾವುದು ನಿಜಕ್ಕೂ ಇಡಲು ಯೋಗ್ಯ, ಯಾವುದು ಬರೀ ನನ್ನ ಹಟ ಎಂದು ನನಗೆ ನಾನೇ ಲೆಕ್ಕ ಒಪ್ಪಿಸಬೇಕಾಗಿದೆ.

ನಮ್ಮ ಮನೆಗೆ ವಿಸಿಆರ್ ಬಂದದ್ದು 1988ರಲ್ಲಿ, ಕುವೈತಿನಿಂದ ರಜೆಗೆ ಬಂದ ಸೋದರಮಾವನ ಕೈಯಲ್ಲಿ. ನಮ್ಮ ಕಡೆ ಆ ಯಂತ್ರ ಪೇಟೆಯಿಂದ ಬಂದದ್ದು ಕಡಿಮೆ, ಗಲ್ಫಿನಿಂದ ಇಲ್ಲವೇ ಬೊಂಬಾಯಿಯಿಂದ ಬಂದದ್ದೇ ಹೆಚ್ಚು. ವಿಮಾನದಿಂದಿಳಿದ ಪೆಟ್ಟಿಗೆಗಳಲ್ಲಿ ಸೆಂಟು, ಟಾರ್ಚು, ನೈಲೆಕ್ಸ್ ಸೀರೆಗಳ ನಡುವೆ ಟವೆಲಿನಲ್ಲಿ ಸುತ್ತಿಟ್ಟ ವಿಸಿಆರ್. ಉಳಿದವರು ಬಾಡಿಗೆ ಕ್ಯಾಸೆಟ್ ತಂದು ಸಿನಿಮಾ ನೋಡಿದರು. ನಮ್ಮ ಅಮ್ಮ ಮಾತ್ರ ಆ ಯಂತ್ರದಲ್ಲಿ ಬೇರೆಯೇ ಒಂದು ಗುಣ ಕಂಡುಹಿಡಿದಳು. ಅದು ಹಿಡಿದಿಡುತ್ತದೆ. ರಾತ್ರಿ ಅಡಿಗೆಯ ಹೊತ್ತಿಗೆ ಸರಿಯಾಗಿ ಬರುವ ಧಾರಾವಾಹಿಯನ್ನು ಮರುದಿನ ಮಧ್ಯಾಹ್ನ, ಎಲ್ಲರ ಊಟವಾಗಿ ಪಾತ್ರೆ ಬೆಳಗಿಯಾದ ಮೇಲೆ, ಕಾಲು ಚಾಚಿ ಕೂತು ನೋಡಬಹುದು. ಹೆಂಗಸರಿಗೆ ವಿಸಿಆರ್ ಕೊಟ್ಟ ದೊಡ್ಡ ಸೌಕರ್ಯ ಇದು. ಇದನ್ನು ಯಾವ ಜಾಹೀರಾತಿನಲ್ಲೂ ಹೇಳಿದ್ದನ್ನು ನಾನು ಕಾಣೆ.

ಆಗ ದೂರದರ್ಶನ ಧಾರಾವಾಹಿಗಳಿಗೆ ಹದಿಮೂರು ಕಂತಿನ ಲೆಕ್ಕದಲ್ಲಿ ಒಪ್ಪಿಗೆ ಕೊಡುತ್ತಿತ್ತು. ವಾರಕ್ಕೊಂದರಂತೆ ಹದಿಮೂರು ವಾರ ಅಂದರೆ ವರ್ಷದ ಕಾಲುಭಾಗ. ಅರ್ಧ ಗಂಟೆಯ ಹದಿಮೂರು ಕಂತು ಆರೂವರೆ ಗಂಟೆ. ನಮ್ಮಲ್ಲಿದ್ದ ಮೂರು ಗಂಟೆಯ ಕ್ಯಾಸೆಟ್ಟುಗಳಲ್ಲಿ ಎರಡರಲ್ಲಿ ಹನ್ನೆರಡು ಕಂತು ಹಿಡಿಸುತ್ತಿದ್ದವು, ಹದಿಮೂರನೆಯದು ಯಾವಾಗಲೂ ಅನಾಥ. ಆ ಹದಿಮೂರನೆಯ ಕಂತಿಗೆ ಜಾಗ ಹುಡುಕುವ ಕಷ್ಟದಲ್ಲಿ ನಮ್ಮ ಮನೆಯ ಕ್ಯಾಸೆಟ್ಟುಗಳೆಲ್ಲ ಕಲಸುಮೇಲೋಗರವಾಗಿವೆ. ಒಂದರಲ್ಲಿ ಮಾವನ ಮಗಳ ಹುಟ್ಟುಹಬ್ಬ, ಅದರ ಬೆನ್ನಿಗೇ ‘ಮಾಲ್ಗುಡಿ ಡೇಸ್’, ಆಮೇಲೆ ಅರ್ಧ ಚಿತ್ರಹಾರ. ಅಂಗಡಿಯಿಂದ ಕೊಂಡ ಡಿವಿಡಿಗಳು ಪಠ್ಯಪುಸ್ತಕದ ಹಾಗೆ ಸಾಲಾಗಿ ನಿಂತಿವೆ. ಮನೆಯಲ್ಲಿ ಹಿಡಿದ ಕ್ಯಾಸೆಟ್ಟುಗಳು ಅಮ್ಮನ ಮಸಾಲೆ ಡಬ್ಬಿಯ ಹಾಗೆ, ಮುಚ್ಚಳದ ಮೇಲೆ ಕೊತ್ತಂಬರಿ ಎಂದಿದ್ದರೆ ಒಳಗೆ ಮೆಂತೆ.

‘ಮಾಲ್ಗುಡಿ ಡೇಸ್’ ನನ್ನಲ್ಲಿ ಎರಡು ರೂಪದಲ್ಲೂ ಇದೆ. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಶಂಕರ್‌ನಾಗ್ ನಿರ್ದೇಶಿಸಿದ್ದು ಎಲ್ಲರಿಗೂ ಗೊತ್ತಿರುವುದೇ. ಚಿತ್ರೀಕರಣ ಹೆಚ್ಚಾಗಿ ನಡೆದದ್ದು ಆಗುಂಬೆಯಲ್ಲಿ. ಪಡುಬಿದ್ರಿಯಿಂದ ಕಾರ್ಕಳ, ಹೆಬ್ರಿ, ಸೋಮೇಶ್ವರ ದಾಟಿ ಹದಿನಾಲ್ಕು ತಿರುವು ಹತ್ತಿದರೆ ಮಾಲ್ಗುಡಿ. ಮೊದಲ ಪ್ರಸಾರವನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂತು ನೋಡಿದ್ದೆ. ಮರುಪ್ರಸಾರ ಬಂದಾಗ ನಾವೇ ಹಿಡಿದೆವು. ಶಂಕರ್‌ನಾಗ್ ಮಾಡಿದ 39 ಕಂತುಗಳಲ್ಲಿ ನಮಗೆ ದಕ್ಕಿದ್ದು ಹದಿನೇಳು. ಅದರಲ್ಲೂ ‘ಎ ಹೀರೋ’ ಕತೆಯ ನಡುವಿನ ಭಾಗ ಇಲ್ಲ, ಕರೆಂಟು ಹೋಗಿತ್ತು. ನಮ್ಮ ಕ್ಯಾಸೆಟ್ಟಿನಲ್ಲಿ ಸ್ವಾಮಿ ಅಪ್ಪನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಬೇಕಲ್ಲ ಎಂದು ಅಳುಮುಖ ಮಾಡುತ್ತಾನೆ, ಪರದೆ ಕುಣಿಯುತ್ತದೆ, ಮರುಕ್ಷಣ ಅವನನ್ನು ಎಲ್ಲರೂ ಹೊಗಳುತ್ತಿದ್ದಾರೆ. ಕಳ್ಳ ಬಂದದ್ದು, ಹುಡುಗ ಹೆದರಿ ಅವನ ಕಾಲು ಕಚ್ಚಿದ್ದು ಯಾವುದೂ ಇಲ್ಲ. ನನ್ನ ತಮ್ಮ ಎಷ್ಟೋ ವರ್ಷ ಸ್ವಾಮಿ ಬರೀ ಮಲಗಿದ್ದಕ್ಕೇ ವೀರನಾದ ಎಂದು ತಿಳಿದಿದ್ದ. ಆಮೇಲೆ ಡಿವಿಡಿ ಕೊಂಡಾಗ ಇಡೀ ಕಂತು ನೋಡಿ ನನಗೆ ಸಂತೋಷವಾಯಿತು, ಸ್ವಲ್ಪ ನಿರಾಸೆಯೂ ಆಯಿತು. ನಮ್ಮ ತುಂಡು ಕಂತಿನಲ್ಲಿ ಒಂದು ಚಂದ ಇತ್ತು ಎನ್ನಿ.

ಇಲ್ಲಿಗೆ ನನ್ನ ವಿಮರ್ಶೆ ಶುರು. ಪ್ರಸಾರದಲ್ಲಿ ಒಮ್ಮೆ ನೋಡಿ ಬಿಟ್ಟ ಧಾರಾವಾಹಿಯೂ ಕಪಾಟಿನಲ್ಲಿಟ್ಟು ಇಪ್ಪತ್ತು ಸಲ ನೋಡುವ ಧಾರಾವಾಹಿಯೂ ಒಂದೇ ಅಲ್ಲ. ಒಮ್ಮೆ ನೋಡುವಾಗ ನಾವು ನಾಯಕನ ಹಿಂದೆ ಓಡುತ್ತೇವೆ, ಮುಂದೇನಾಯಿತೆಂಬ ಕುತೂಹಲ ಬೇರೆ ಕಡೆ ನೋಡಲು ಬಿಡುವುದಿಲ್ಲ. ಕತೆ ಬಾಯಿಪಾಠವಾದ ಮೇಲೆ ಕಣ್ಣು ಬದಿಗೆ ಸರಿಯುತ್ತದೆ. ಹಾಗೆ ಬದಿಗೆ ಸರಿದ ಕಣ್ಣಿಗೆ ಅಲ್ಲಿ ಏನಾದರೂ ಸಿಗುತ್ತದೆಯೋ ಇಲ್ಲವೋ ಎನ್ನುವುದೇ ಪರೀಕ್ಷೆ. ‘ಮಾಲ್ಗುಡಿ’ಯಲ್ಲಿ ಸಿಗುತ್ತದೆ.

ನನಗೆ ಸಿಕ್ಕಿದ್ದು ಸ್ವಾಮಿಯ ಅಮ್ಮ. ಆ ಪಾತ್ರ ಮಾಡಿದವರು ವೈಶಾಲಿ ಕಾಸರವಳ್ಳಿ. ಹದಿನೇಳರ ಹರೆಯದಲ್ಲಿ ನನಗೆ ಕಂಡದ್ದು ಮಾಸ್ಟರ್ ಮಂಜುನಾಥನ ಟೊಪ್ಪಿ, ಗಿರೀಶ್ ಕಾರ್ನಾಡರ ಗಡಸು ಅಪ್ಪ. ಅಮ್ಮ ಇದ್ದಳೋ ಇಲ್ಲವೋ, ಗೋಡೆ ಇದ್ದ ಹಾಗೆ ಇದ್ದಳು. ನಾನೂ ಮಗನನ್ನು ಹೆತ್ತು, ಅವನಿಗೂ ಅವನ ಅಪ್ಪನಿಗೂ ನಡುವೆ ನಿಂತು ಸಾಕಾದ ವಯಸ್ಸಿನಲ್ಲಿ ಮತ್ತೆ ನೋಡಿದರೆ, ಇಡೀ ಮನೆ ಅವಳ ಮೇಲೆ ನಿಂತಿದೆ. ಗಂಡನಿಗೆ ಎದುರಾಡುವುದಿಲ್ಲ, ಮಗನನ್ನು ಬಿಟ್ಟುಕೊಡುವುದೂ ಇಲ್ಲ. ಹೆಚ್ಚು ಮಾತಿಲ್ಲದ ಪಾತ್ರವನ್ನು ಕಣ್ಣಿನಲ್ಲೇ ನಡೆಸಿದ್ದಾರೆ. ಮುಂದೆ ಅವರೇ ‘ಮೂಡಲ ಮನೆ’ಯಂಥ ಧಾರಾವಾಹಿ ನಿರ್ದೇಶಿಸಿದರು. 2010ರಲ್ಲಿ ತೀರಿಹೋದರು. ಸುದ್ದಿ ಕೇಳಿದ ರಾತ್ರಿ ನಾನು ಹಾಕಿ ನೋಡಿದ್ದು ಈ ಡಿವಿಡಿಯನ್ನೇ.

ಹಾಗೆಂದು ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳಲಾರೆ. ಅಂಚೆಯವ ತಾನಪ್ಪನ ಕತೆ ನೆನಪಿದೆಯಲ್ಲ? ಹುಡುಗಿಯ ಮದುವೆ ನಿಲ್ಲಬಾರದೆಂದು ಸಾವಿನ ಸುದ್ದಿಯ ಕಾಗದವನ್ನು ಕೊಡದೆ ಇಟ್ಟುಕೊಳ್ಳುವ ಒಳ್ಳೆಯ ಮನುಷ್ಯ. ಮೊದಲ ಸಲ ನೋಡಿ ಕಣ್ಣೀರು ಹಾಕಿದ್ದೆವು. ಎಂಟನೆಯದೋ ಒಂಬತ್ತನೆಯದೋ ಸಲ ನೋಡುವಾಗ ನನಗೆ ಕಿರಿಕಿರಿಯಾಯಿತು. ಅಪ್ಪ ಓಡಾಡುತ್ತಾನೆ, ಅಂಚೆಯವ ಸಲಹೆ ಕೊಡುತ್ತಾನೆ, ಮುಹೂರ್ತ ಗೊತ್ತಾಗುತ್ತದೆ. ಮದುವೆಯಾಗುವವಳು ಏನೆನ್ನುತ್ತಾಳೆ? ಕತೆಯಲ್ಲಿ ಅದಕ್ಕೆ ಜಾಗವಿಲ್ಲ. ಇದು ನಾರಾಯಣರ ಕತೆಯದೇ ಕೊರತೆ, ಶಂಕರ್‌ನಾಗ್ ಅದನ್ನು ತುಂಬಲು ಹೋಗಲಿಲ್ಲ. ಮಾಲ್ಗುಡಿಯ ಮಂದಿ ಎಲ್ಲರೂ ಒಳ್ಳೆಯವರು, ಆದರೆ ಆ ಒಳ್ಳೆಯತನ ಹೆಚ್ಚಾಗಿ ಗಂಡಸರು ಗಂಡಸರ ನಡುವೆ ಹಂಚಿಕೊಂಡದ್ದು. ಕಪಾಟಿನಲ್ಲಿಟ್ಟುಕೊಂಡವರಿಗೆ ಮಾತ್ರ ಇಂಥ ಜಗಳ ತೆಗೆಯಲು ಪುರುಸೊತ್ತು ಸಿಗುತ್ತದೆ.

ಇದಕ್ಕೆ ಎದುರಾಗಿ ತಿಂಗಳಿಗೆ ನಲವತ್ತೈದು ರೂಪಾಯಿ ಸಂಬಳದ ಗುಮಾಸ್ತನ ಕತೆಯನ್ನು ಇಡುತ್ತೇನೆ. ತೆರೆಯ ಮೇಲೆ ಹತ್ತು ಜನರನ್ನು ಹೊಡೆದುರುಳಿಸುತ್ತಿದ್ದ ವಿಷ್ಣುವರ್ಧನ್ ಇಲ್ಲಿ ಮಗಳನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಲಾರದ ವೆಂಕಟರಾಯ. ಕೆಲಸಕ್ಕೆ ರಾಜೀನಾಮೆ ಬರೆದವನು ಐದು ರೂಪಾಯಿ ಬಡ್ತಿ ಕಂಡೊಡನೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಮನೆಗೆ ಬರುವಾಗ ಮಗು ಹೊಸ ಬಟ್ಟೆಯಲ್ಲೇ ನಿದ್ದೆಹೋಗಿದೆ. ಪರೀಕ್ಷೆಯ ಪೇಪರು ತಿದ್ದುವ ದಿನಗಳಲ್ಲಿ ನನ್ನ ಮಗಳೂ ಹಾಗೆ ಮಲಗಿದ್ದುಂಟು. ಆ ಕಂತನ್ನು ನಾನು ವರ್ಷಕ್ಕೊಮ್ಮೆ ಮಾತ್ರ ಹಾಕುತ್ತೇನೆ.

ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ‘ಎ ಹೀರೋ’ ಪಾಠವಾಗಿ ಬಂದಾಗ ನಾನು ಡಿವಿಡಿಯನ್ನು ಶಾಲೆಗೆ ಒಯ್ದು ಮಕ್ಕಳಿಗೆ ತೋರಿಸಿದೆ. ಆಗುಂಬೆಯ ದೊಡ್ಡಮನೆಯ ಕಂಬ, ಜಗಲಿ, ಹಂಚಿನ ಮಾಡು ನೋಡಿ ಮಕ್ಕಳು ತಮ್ಮ ಅಜ್ಜಿಮನೆ ಎಂದು ಗುರುತು ಹಿಡಿದರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಟೀಚರ್, ಇವರೆಲ್ಲ ಎಂತಕ್ಕೆ ಹಿಂದಿ ಮಾತಾಡುವುದು?” ಎಂದು ಕೇಳಿದ. ನಾನು ಮೂವತ್ತು ವರ್ಷದಲ್ಲಿ ಕೇಳದ ಪ್ರಶ್ನೆ. ಬರೆದವರು ಮೈಸೂರಿನಲ್ಲಿದ್ದು ಇಂಗ್ಲಿಷಿನಲ್ಲಿ ಬರೆದರು. ಕತೆಯ ಊರು ತಮಿಳು ಸೀಮೆಯ ಹಾಗಿದೆ. ನಿರ್ದೇಶಕ ಹೊನ್ನಾವರದ ಕಡೆಯವರು, ನಟರಲ್ಲಿ ಬಹುಪಾಲು ಕನ್ನಡದವರು, ನೆಲ ಮಲೆನಾಡು. ಇಷ್ಟೆಲ್ಲ ಇದ್ದೂ ಬಾಯಿ ತೆರೆದರೆ ಹಿಂದಿ, ಏಕೆಂದರೆ ರಾಷ್ಟ್ರೀಯ ಜಾಲದಲ್ಲಿ ಸಲ್ಲಬೇಕಾದರೆ ಹಿಂದಿ ಬೇಕಿತ್ತು. ನಮ್ಮ ಕಪಾಟಿನಲ್ಲಿರುವ ಅತಿ ಕನ್ನಡದ ಧಾರಾವಾಹಿ ಕನ್ನಡದಲ್ಲಿಲ್ಲ! 2020ರ ಲಾಕ್‌ಡೌನ್ ಸಮಯದಲ್ಲಿ ಕನ್ನಡಕ್ಕೆ ಡಬ್ ಮಾಡಿ ಖಾಸಗಿ ವಾಹಿನಿಯಲ್ಲಿ ಹಾಕಿದರು. ಒಂದೆರಡು ಕಂತು ನೋಡಿದೆ. ಮಾತು ನಮ್ಮದಾಯಿತು, ಆದರೆ ನನ್ನ ಕಿವಿಗೆ ಆ ಹಿಂದಿಯೇ ಹತ್ತಿಹೋಗಿತ್ತು, ನನ್ನ ದುರದೃಷ್ಟ. ಕವಿತಾ ಲಂಕೇಶ್ 2006ರಲ್ಲಿ ಮಾಡಿದ 15 ಕಂತುಗಳು ನನ್ನಲ್ಲಿಲ್ಲ, ಆದ್ದರಿಂದ ಅವುಗಳ ಮಾತಿಲ್ಲ.

ಕಪಾಟಿನ ಪರೀಕ್ಷೆಯಲ್ಲಿ ಸೋತದ್ದೂ ಉಂಟು. ರಮಾನಂದ ಸಾಗರರ ‘ರಾಮಾಯಣ’ದ ವಿಸಿಡಿಗಳನ್ನು ಅತ್ತೆಗಾಗಿ ಕೊಂಡಿದ್ದೆ. 1987ರ ಜನವರಿಯಿಂದ ಮರುವರ್ಷದ ಜುಲೈವರೆಗೆ ಭಾನುವಾರ ಬೆಳಿಗ್ಗೆ ಊರೇ ಸ್ತಬ್ಧವಾಗುತ್ತಿದ್ದ ಧಾರಾವಾಹಿ. ಸ್ನಾನ ಮಾಡಿ ಬಂದು ಕೂರುತ್ತಿದ್ದರು, ಟಿವಿಗೆ ಹೂ ಹಾಕಿದವರನ್ನೂ ಕಂಡಿದ್ದೇನೆ. ಅದನ್ನೇ ಮನೆಯಲ್ಲಿ ಸಾಲಾಗಿ ಹಾಕಿ ಕೂತರೆ, ಒಬ್ಬರು ಮಾತಾಡಿದ ಕೂಡಲೇ ಸಭೆಯಲ್ಲಿದ್ದ ಎಲ್ಲರ ಮುಖ ಒಂದೊಂದಾಗಿ ಹತ್ತಿರ ಬಂದು ಬೆರಗಾಗುವುದನ್ನು ಎಷ್ಟು ಸಲ ನೋಡುವುದು? ಆರನೆಯ ಡಿಸ್ಕಿಗೆ ಅತ್ತೆಯೇ, “ಮುಂದೆ ಓಡಿಸು ಮಗಾ, ರಾವಣ ಬರಲಿ” ಎಂದರು. ತಪ್ಪು ಸಾಗರರದಲ್ಲ. ಅದು ಭಾನುವಾರಕ್ಕೆ, ಊರವರೆಲ್ಲ ಒಟ್ಟಿಗೆ ಕೂರುವುದಕ್ಕೆ ಮಾಡಿದ್ದು. ಎರಡು ಭಾನುವಾರಗಳ ನಡುವಿನ ಆರು ದಿನವೂ ಧಾರಾವಾಹಿಯದೇ ಭಾಗವಾಗಿತ್ತು, ಪೆಟ್ಟಿಗೆಯಲ್ಲಿ ಆ ಆರು ದಿನ ಇಲ್ಲ. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಇದಕ್ಕಿಂತ ವಾಸಿ. ರಾಹಿ ಮಾಸೂಮ್ ರಜಾ ಬರೆದ ಮಾತುಗಳ ಬಲದಿಂದ, ಕಣ್ಣು ಮುಚ್ಚಿಯೂ ಕೇಳಬಹುದು. ತರಕಾರಿ ಹೆಚ್ಚುತ್ತಾ ನಾನು ಹಾಗೆಯೇ ಕೇಳುವುದು.

ಇನ್ನು ದಿನವಹಿ ಧಾರಾವಾಹಿಗಳು ಬಂದವಲ್ಲ, ಅಲ್ಲಿಗೆ ಮನೆಯ ಸಂಗ್ರಹ ನಿಂತೇಹೋಯಿತು. 1998ರ ‘ಮಾಯಾಮೃಗ’ ನನಗೆ ಬಹಳ ಮೆಚ್ಚಿನದು. ಟಿ.ಎನ್. ಸೀತಾರಾಂ ಮತ್ತು ಗೆಳೆಯರು ಮಧ್ಯಮವರ್ಗದ ಮನೆಯ ಮಾತನ್ನು ಮೊದಲ ಬಾರಿಗೆ ಮಾತಿನ ಹಾಗೆಯೇ ಕೇಳಿಸಿದರು. ಅದನ್ನು ಹಿಡಿದಿಡಲು ನಾನು ಮೊದಲ ವಾರ ಪ್ರಯತ್ನಪಟ್ಟೆ. ವಾರಕ್ಕೆ ಒಂದು ಕ್ಯಾಸೆಟ್ ಲೆಕ್ಕದಲ್ಲಿ ಸಂಬಳವೆಲ್ಲ ಅದಕ್ಕೇ ಸುರಿಯಬೇಕಾಗುತ್ತಿತ್ತು, ಬಿಟ್ಟೆ. ಈಗಿನವುಗಳ ಮಾತು ಬೇಡ. ಮುಗಿಯುವ ಉದ್ದೇಶವೇ ಇಲ್ಲದ ಕತೆಯನ್ನು ಪೆಟ್ಟಿಗೆಯಲ್ಲಿ ಹಾಕಿಡುವುದು ಹೇಗೆ? ಯಾರೂ ಎರಡನೆಯ ಸಲ ನೋಡುವುದಿಲ್ಲವೆಂದು ಗೊತ್ತಿದ್ದೇ ಬರೆದಂತಿರುತ್ತದೆ. ಹದಿಮೂರು ಕಂತಿನ ಕಟ್ಟುಪಾಡನ್ನು ಅಂದು ನಾವು ಬೈದದ್ದುಂಟು, ‘ಇಷ್ಟು ಬೇಗ ಮುಗಿಯಿತಲ್ಲ’ ಎಂದು. ಎಲ್ಲಿ ಮುಗಿಸಬೇಕೆಂದು ಬರೆಯುವವನಿಗೆ ಮೊದಲೇ ಗೊತ್ತಿರುವುದು ಎಷ್ಟು ದೊಡ್ಡ ಉಪಕಾರ ಎಂದು ಈಗ ಗೊತ್ತಾಗುತ್ತಿದೆ.

ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡದ್ದು ‘ಗುಡ್ಡದ ಭೂತ’. 1990ರ ಸುಮಾರಿಗೆ ದೂರದರ್ಶನದಲ್ಲಿ ಬಂತು. ನಿರ್ದೇಶಿಸಿದವರು ಸದಾನಂದ ಸುವರ್ಣ, ನಮ್ಮ ಪಕ್ಕದ ಮುಲ್ಕಿಯವರು. ಬೊಂಬಾಯಿಯ ಕನ್ನಡ ರಂಗಭೂಮಿಯಲ್ಲಿ ಬೆಳೆದವರು, ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ದ ನಿರ್ಮಾಪಕರು. ಆಗಿನ್ನೂ ಹೊಸಬರಾಗಿದ್ದ ಪ್ರಕಾಶ್ ರೈ ಅದರಲ್ಲಿದ್ದರು. ತುಳುನಾಡಿನ ಹಳ್ಳಿ, ಗುಡ್ಡ, ಕತ್ತಲೆ, ಭೂತದ ಹೆದರಿಕೆ, ಅದಕ್ಕೆ ಸರಿಯಾಗಿ ಪಾಡ್ದನದ ಧಾಟಿಯ ಶೀರ್ಷಿಕೆಗೀತೆ. ಆ ‘ಡೆನ್ನಾನ’ ಸೊಲ್ಲು ಶುರುವಾದರೆ ನಮ್ಮ ಮನೆಯ ಮಕ್ಕಳು ಅಮ್ಮನ ಸೆರಗಿನೊಳಗೆ. ಬೆಂಗಳೂರಿನವರಿಗೆ ಅದು ಒಂದು ವಿಚಿತ್ರ ಲೋಕದ ಕತೆಯಾಗಿದ್ದಿರಬಹುದು. ನಮಗೆ ಅದು ಹಿತ್ತಿಲಿನಾಚೆಯ ದಾರಿ. ಪೇಟೆಗೆ ಹೋಗುವಾಗ ಸರ ಹಾಕಿಕೊಂಡು ಹೋಗುವ ಹಾಗೆ ಟಿವಿಯಲ್ಲಿ ಬರುವವರೆಲ್ಲ ಹೊರಗಿನ ಭಾಷೆ ಹಾಕಿಕೊಂಡು ಬರುತ್ತಿದ್ದ ಕಾಲದಲ್ಲಿ, ನಮ್ಮ ಕರೆಯ ಕತ್ತಲೆ ತನ್ನ ದನಿಯಲ್ಲೇ ಬಂದದ್ದು ಅದೊಂದರಲ್ಲಿ. 2015ರಲ್ಲಿ ‘ರಂಗಿತರಂಗ’ ಸಿನಿಮಾದಲ್ಲಿ ಆ ಧಾಟಿ ಮತ್ತೆ ಕೇಳಿದಾಗ ಚಿತ್ರಮಂದಿರದ ಅರ್ಧ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳಿಗೆ ಏನೂ ಅರ್ಥವಾಗಲಿಲ್ಲ.

‘ಮಾಲ್ಗುಡಿ’ಯ ಡಿವಿಡಿ ಪೆಟ್ಟಿಗೆ ಕೊಂಡ ದಿನ ಉಡುಪಿ, ಮಂಗಳೂರಿನ ಅಂಗಡಿಗಳಲ್ಲಿ ‘ಗುಡ್ಡದ ಭೂತ’ವನ್ನೂ ಕೇಳಿದೆ. ಆಮೇಲೂ ಕೇಳುತ್ತ ಬಂದೆ. ನನಗೆಲ್ಲೂ ಸಿಗಲಿಲ್ಲ. ದೇಶವೆಲ್ಲ ನೋಡಿದ್ದಕ್ಕೆ ಚಂದದ ಪೆಟ್ಟಿಗೆ ಸಿಕ್ಕುತ್ತದೆ, ನಾಲ್ಕು ತಾಲೂಕಿನವರು ಎದೆಯಲ್ಲಿಟ್ಟುಕೊಂಡದ್ದಕ್ಕೆ ಅಂಗಡಿಯವರು ಜಾಗ ಕೊಡುವುದಿಲ್ಲ. ಸುವರ್ಣರು 2024ರ ಜುಲೈಯಲ್ಲಿ ತೀರಿಕೊಂಡರು, ತೊಂಬತ್ತು ದಾಟಿತ್ತು.

ಆದರೆ ಅಂಗಡಿಯವರನ್ನು ದೂರುವ ಅಧಿಕಾರ ನನಗಿಲ್ಲ. ಅಮ್ಮ ‘ಗುಡ್ಡದ ಭೂತ’ವನ್ನು ಒಂದು ಕಂತೂ ಬಿಡದೆ ಹಿಡಿದಿಟ್ಟಿದ್ದಳು. ಅದರಲ್ಲಿ ಅರ್ಧವನ್ನು ಅಳಿಸಿದವಳು ನಾನು.

ವಿಡಿಯೋ ಕ್ಯಾಸೆಟ್ಟಿನ ಬೆನ್ನಿನ ಬದಿ ಒಂದು ಪುಟ್ಟ ಪ್ಲಾಸ್ಟಿಕ್ ನಾಲಗೆ ಇರುತ್ತದೆ. ಅದನ್ನು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಮಾಡಲಾಗುವುದಿಲ್ಲ. ಮನಸ್ಸು ಬದಲಾದರೆ ಆ ತೂತಿಗೆ ಸೆಲ್ಲೋಟೇಪು ಅಂಟಿಸಿದರಾಯಿತು. ಅಮ್ಮನಿಗೆ ಇದು ಗೊತ್ತಿರಲಿಲ್ಲ, ನನಗೆ ಗೊತ್ತಿದ್ದೂ ಮುರಿಯಲಿಲ್ಲ. 1994ರಲ್ಲಿ ನನ್ನ ಮದುವೆ. ವಿಡಿಯೋದವನು ಪ್ರತಿ ಮಾಡಿಕೊಡಲು ಖಾಲಿ ಕ್ಯಾಸೆಟ್ ಕೇಳಿದ. ಪೇಟೆಗೆ ಹೋಗಿ ತರುವ ಉದಾಸೀನ, ಕಪಾಟಿನಲ್ಲಿ ಹೆಸರು ಬರೆಯದ ಒಂದಿತ್ತು, ಕೊಟ್ಟೆ. ಕ್ಯಾಸೆಟ್ ತಿರುಗಿ ಬಂದಾಗ ಮೇಲೆ ಕೆಂಪು ಅಕ್ಷರದಲ್ಲಿ ನನ್ನ ಮತ್ತು ನನ್ನವರ ಹೆಸರು. ನಾಲಗೆಯನ್ನು ಆಗ ಮುರಿದೆ, ಜೋಪಾನವಾಗಿ. ಅಮ್ಮ ಏನೂ ಅನ್ನಲಿಲ್ಲ. “ಹೋಗಲಿ, ನಿನ್ನ ಮದುವೆಯೇ ಅಲ್ವಾ” ಎಂದಳು.

ಇಂಥ ಅಳಿಸುವ ಕೆಲಸ ದೊಡ್ಡವರೂ ಮಾಡಿದ್ದಾರೆಂದು ಆಮೇಲೆ ಓದಿ ಸ್ವಲ್ಪ ಸಮಾಧಾನಪಟ್ಟುಕೊಂಡೆ. ಇಂಗ್ಲೆಂಡಿನ ಬಿಬಿಸಿ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಟೇಪು ದುಬಾರಿಯೆಂದು ಹಳೆಯ ಕಾರ್ಯಕ್ರಮಗಳ ಮೇಲೆಯೇ ಹೊಸದನ್ನು ಹಿಡಿಯಿತು. ಅಲ್ಲಿ ಮನೆಮಾತಾದ ‘ಡಾಕ್ಟರ್ ಹೂ’ ಧಾರಾವಾಹಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಹಾಗೆ ಕಳೆದುಹೋಗಿದೆ. ಅಷ್ಟೂ ಕಂತುಗಳ ಧ್ವನಿ ಮಾತ್ರ ಉಳಿದಿದೆ, ಮನೆಯಲ್ಲಿ ನೋಡುತ್ತಿದ್ದವರು ಟಿವಿಯ ಸದ್ದನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದರಿಂದ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೇರಿಯನ್ ಸ್ಟೋಕ್ಸ್ ಎಂಬ ಹೆಂಗಸು, ಹಿಂದೆ ಗ್ರಂಥಪಾಲಕಿಯಾಗಿದ್ದವಳು, ಎಪ್ಪತ್ತರ ದಶಕದ ಕೊನೆಯಿಂದ 2012ರಲ್ಲಿ ಸಾಯುವವರೆಗೆ ಮನೆಯಲ್ಲಿ ಹಲವು ಯಂತ್ರಗಳಿಟ್ಟುಕೊಂಡು ಟಿವಿ ಸುದ್ದಿಯನ್ನು ಹಗಲು ರಾತ್ರಿ ಹಿಡಿದಳು. ಸುಮಾರು 70,000 ಕ್ಯಾಸೆಟ್ಟು! ಕ್ಯಾಸೆಟ್ ಬದಲಾಯಿಸುವ ಹೊತ್ತಾಯಿತೆಂದು ಊಟ ಬಿಟ್ಟೇಳುತ್ತಿದ್ದಳಂತೆ. ಜನ ಹುಚ್ಚೆಂದರು. ಈಗ ಆ ರಾಶಿ ಒಂದು ದೊಡ್ಡ ಸಂಗ್ರಹಾಲಯದಲ್ಲಿದೆ. ನನ್ನವರಿಗೆ ಇದನ್ನು ಓದಿ ಹೇಳಿದೆ. ಅವರು ನಮ್ಮ ಕಪಾಟಿನ ಕಡೆ ನೋಡಿ, ಬರೀ ಮೂವತ್ತೊಂದು ತಾನೇ ಎಂದು ನಿಟ್ಟುಸಿರು ಬಿಟ್ಟರು.

ಕಿರಿಯ ಟೀಚರಿಗೆ ಉತ್ತರ ಇಲ್ಲೇ ಎಲ್ಲೋ ಇದೆ. ‘ಗುಡ್ಡದ ಭೂತ’ ಯೂಟ್ಯೂಬಿನಲ್ಲಿ ಉಂಟು ಮಾರಾಯ್ತಿ, ನನಗೂ ಗೊತ್ತು, ನಾನೂ ನೋಡಿದ್ದೇನೆ. ಆದರೆ ಮೊಬೈಲಿನಲ್ಲಿ ಸಿಗುವ ಹಳೆಯ ಧಾರಾವಾಹಿಗಳನ್ನು ಸ್ವಲ್ಪ ಗಮನವಿಟ್ಟು ನೋಡು. ಎಷ್ಟೋ ಕಡೆ ಚಿತ್ರದ ಬುಡದಲ್ಲಿ ಒಂದು ಗೆರೆ ನಡುಗುತ್ತಿರುತ್ತದೆ, ಬಣ್ಣ ಅಂಚಿನಿಂದ ಹೊರಗೆ ಸೋರಿರುತ್ತದೆ. ಅದು ವಿಡಿಯೋ ಕ್ಯಾಸೆಟ್ಟಿನ ಗುರುತು. ಮೊಬೈಲಿಗೆ ಅದು ಆಕಾಶದಿಂದ ಬಿದ್ದದ್ದಲ್ಲ, ಯಾರದೋ ಕಪಾಟಿನಿಂದ ಬಂದದ್ದು. ಯಾರೋ ಹಾಕಿದ್ದನ್ನು ಯಾರೋ ತೆಗೆಯಲೂಬಹುದು. ನಾನು ಗುರುತು ಹಾಕಿಕೊಂಡಿದ್ದ ಎರಡು ಮೂರು ಹಳೆಯ ಕಾರ್ಯಕ್ರಮ ಹಾಗೆಯೇ ಮಾಯವಾಗಿವೆ.

ಮದುವೆ ಕ್ಯಾಸೆಟ್ಟಿನ ಮಾತು ಮುಗಿದಿಲ್ಲ. ತವರಿಗೆ ಹೋದಾಗಲೆಲ್ಲ ಆ ಕ್ಯಾಸೆಟ್ ವಿಸಿಆರಿನೊಳಗೇ ಇರುತ್ತಿತ್ತು. ನಾನಿಲ್ಲದಾಗ ಅಮ್ಮ ನನ್ನ ಮದುವೆ ನೋಡುತ್ತಾಳೆಂದು ಗಂಡನ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಒಂದು ಮಧ್ಯಾಹ್ನ ಹೇಳದೆ ಹೋದೆ. ಅಮ್ಮ ಒಬ್ಬಳೇ ಟಿವಿ ಮುಂದೆ ಕೂತು ಮುಂದೋಡಿಸುವ ಗುಂಡಿ ಒತ್ತಿ ಹಿಡಿದಿದ್ದಳು. ಧಾರೆ ಓಡಿತು, ಊಟದ ಪಂಕ್ತಿ ಓಡಿತು, ನಾನು ಅಳುತ್ತ ಕಾರು ಹತ್ತುವುದೂ ಓಡಿತು. ವಿಡಿಯೋದವನು ಬರೆಸಿದ್ದ ‘ಶುಭಂ’ ಬಂತು. ಒಂದು ಕ್ಷಣ ಮಂಜು. ಆಮೇಲೆ ಕತ್ತಲೆ ಗುಡ್ಡ. ಮದುವೆ ಮೂರು ಗಂಟೆ ತುಂಬಿರಲಿಲ್ಲ. ಅಮ್ಮ ಹಿಡಿದಿಟ್ಟಿದ್ದ ‘ಗುಡ್ಡದ ಭೂತ’ದ ಒಂದು ಕಂತಿನ ತುದಿ, ಹೆಚ್ಚೆಂದರೆ ಆರು ನಿಮಿಷ, ಅದರಡಿಯಲ್ಲಿ ಉಳಿದುಕೊಂಡಿತ್ತು. ಅಮ್ಮ ಇಷ್ಟು ವರ್ಷ ನೋಡುತ್ತಿದ್ದದ್ದು ಅದನ್ನು. ನನ್ನನ್ನು ಕಂಡು ಕಕ್ಕಾಬಿಕ್ಕಿಯಾಗಿ, “ನಿನ್ನ ಮದುವೆಯೂ ನೋಡ್ತೇನೆ ಮಗಾ, ನೋಡುವುದಿಲ್ಲ ಅಂತ ಅಲ್ಲ” ಎಂದಳು.

ಅಮ್ಮ ಹೋಗಿ ಈಗ ಒಂಬತ್ತು ವರ್ಷ. ಹೊಸ ವಿಸಿಆರ್ ಈಗ ಎಲ್ಲೂ ತಯಾರಾಗುವುದಿಲ್ಲ, ಜಪಾನಿನ ಕೊನೆಯ ಕಂಪೆನಿಯೂ 2016ರಲ್ಲಿ ನಿಲ್ಲಿಸಿತು. ನಮ್ಮದು ಕೆಟ್ಟು ಕೂತಾಗ ಮದುವೆ ಕ್ಯಾಸೆಟ್ಟನ್ನು ಡಿವಿಡಿಗೆ ಹಾಕಿಸಲು ಪೇಟೆಯ ಒಬ್ಬ ಹುಡುಗನಿಗೆ ಕೊಟ್ಟೆ. ಬೂಷ್ಟು ಒರೆಸಿ, ಶ್ರದ್ಧೆಯಿಂದ ಮಾಡಿದ. ಮನೆಗೆ ತಂದು ಹಾಕಿದರೆ ‘ಶುಭಂ’ ಬಂದಲ್ಲಿಗೆ ಡಿವಿಡಿ ನಿಂತಿತು. ಮರುದಿನ ಶಾಲೆ ಬಿಟ್ಟ ಕೂಡಲೇ ಓಡಿದೆ. “ಕೊನೆಗೆ ಎಂತದೋ ಹಳೇ ಸೀರಿಯಲ್ ಇತ್ತು ಟೀಚರ್, ವೇಸ್ಟ್ ಅಂತ ಕಟ್ ಮಾಡಿದೆ” ಎಂದ. ಬೈಯಲು ಬಾಯಿ ಬರಲಿಲ್ಲ. ಬೈಯುವ ಯೋಗ್ಯತೆಯೂ ನನಗಿರಲಿಲ್ಲ. ಪುಣ್ಯಕ್ಕೆ ಕ್ಯಾಸೆಟ್ ಇನ್ನೂ ಅವನ ಮೇಜಿನ ಮೇಲೇ ಇತ್ತು. ಆ ಆರು ನಿಮಿಷವನ್ನು ಮಾತ್ರ ಬೇರೆಯಾಗಿ ಹಾಕಿಕೊಡು, ಮದುವೆ ಬೇಡ ಎಂದೆ. ಅವನು ಒಮ್ಮೆ ನನ್ನ ಮುಖ ನೋಡಿ, ಎಷ್ಟು ಕಾಪಿ ಬೇಕೆಂದು ಕೇಳಿದ. ಮೂರು ಎಂದೆ. ಒಂದು ತಮ್ಮನಿಗೆ ಕಳಿಸಿದೆ, ಒಂದು ಕಪಾಟಿನಲ್ಲಿದೆ, ಇನ್ನೊಂದನ್ನು ಕಿರಿಯ ಟೀಚರಿಗೆ ಕೊಡಬೇಕೆಂದು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಅವಳ ಮನೆಯಲ್ಲಿ ಡಿವಿಡಿ ಹಾಕುವ ಯಂತ್ರ ಇದೆಯೋ ಇಲ್ಲವೋ ಕೇಳಬೇಕು.